ಅಡಿಕೆ ಸುಲಿಯುವ ಕೈಗೆ ಯಾವ ಫಿಂಗರ್‌ಪ್ರಿಂಟ್? ಪರದೆಯಡಿಯದೋ, ಪಕ್ಕದ ಬಟನ್‌ನದೋ

ಮೊದಲೇ ಹೇಳಿಬಿಡುತ್ತೇನೆ, ಫೋನಿನ ಲಾಕ್ ತೆರೆಯಲು ನನ್ನ ಮತ ಪಕ್ಕದ ಪವರ್ ಬಟನ್‌ನಲ್ಲಿರುವ, ಬೆರಳಚ್ಚು ಓದುವ ಸೆನ್ಸರಿಗೆ. ಪರದೆಯ ಅಡಿಯಲ್ಲಿ ಸೆನ್ಸರ್ ಇರುವ ಫೋನನ್ನು 19,500 ರೂಪಾಯಿ ಕೊಟ್ಟು ತಂದು, ಒಂದು ಅಡಿಕೆ ಕೊಯ್ಲು ಪೂರ್ತಿ ಅದರೊಡನೆ ಏಗಿ, ಕೊನೆಗೆ ಮಗಳಿಗೆ ಕೊಟ್ಟು, 13,000 ರೂಪಾಯಿಯ ಫೋನ್ ತಂದುಕೊಂಡವಳು ನಾನು. ಕಡಿಮೆ ಬೆಲೆಯದೇ ನನಗೆ ಒಗ್ಗಿತು.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ನವೆಂಬರ್ ಹೊತ್ತಿಗೆ ಅಡಿಕೆ ಗೊನೆ ಇಳಿಸಲು ಶುರುವಾದರೆ ಜನವರಿಯವರೆಗೂ ಸಂಜೆ ಸುಲಿಯುವವರು ಬರುತ್ತಾರೆ. ಹತ್ತು ಹನ್ನೆರಡು ಮಂದಿ ಮೆಟ್ಟುಗತ್ತಿ ಹಾಕಿಕೊಂಡು ಕುಳಿತರೆ ಏಳುವುದು ರಾತ್ರಿ ಹತ್ತು ಗಂಟೆಯ ಮೇಲೆಯೇ. ಒಬ್ಬೊಬ್ಬರ ಡಬ್ಬ ತುಂಬಿದಾಗಲೂ ನಾನು ಅದನ್ನು ಸುರಿಸಿಕೊಂಡು ಲೆಕ್ಕ ಬರೆಯಬೇಕು. ಅತ್ತೆಯ ಕಾಲದಲ್ಲಿ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು, ಆಮೇಲೆ ನೋಟ್‌ಬುಕ್ ಬಂತು, ಈಗ ಫೋನ್. ಕೂಲಿಯ ಹಣವೂ ವಾರಕ್ಕೊಮ್ಮೆ ಯುಪಿಐ ಮೂಲಕವೇ ಹೋಗುವುದು. ನಡುನಡುವೆ ನಾನೂ ಕುಳಿತು ಸುಲಿಯುತ್ತೇನೆ. ಹೀಗೆ ಒಂದು ರಾತ್ರಿಯಲ್ಲಿ ನಲವತ್ತು ಐವತ್ತು ಸಲ ಫೋನಿನ ಲಾಕ್ ತೆರೆಯಬೇಕು. ಬ್ಯಾಂಕ್ ಖಾತೆಯಿರುವ ಫೋನನ್ನು ಲಾಕ್ ಹಾಕದೆ ಅಂಗಳದ ಕಟ್ಟೆಯ ಮೇಲೆ ಇಡಲು ನನಗೆ ಮನಸ್ಸು ಬರುವುದಿಲ್ಲ.

ಆ ಫೋನ್ ಕೊಂಡದ್ದು ಶ್ರಾವಣದಲ್ಲಿ. ಅಂಗಡಿಯ ಹುಡುಗ ಪರದೆಯ ಮೇಲೆ ನನ್ನ ಹೆಬ್ಬೆರಳು ಇಡಿಸಿ ನೋಂದಾಯಿಸಿ ತೋರಿಸಿದ. ಮುಟ್ಟಿದ್ದೇ ತಡ, ತೆರೆಯಿತು. ಇದು ತೀರಾ ಹೊಸ ತಂತ್ರಜ್ಞಾನ ಎಂದ. ನಿಜವಾಗಿ 2018ರಲ್ಲೇ ವಿವೋ ಇಂಥ ಸೆನ್ಸರಿನ ಫೋನನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಅದು ನನಗೆ ಆಮೇಲೆ ಗೊತ್ತಾಯಿತು. ಆದರೆ ನಾನು ಮೋಸಹೋದದ್ದು ಅವನ ಮಾತಿನಿಂದಲ್ಲ. ಅಂಗಡಿಗೆ ಹೋದಾಗ ನನ್ನದು ತೊಳೆದು ಒರೆಸಿದ ಕೈ, ಕೊಯ್ಲಿಗೆ ಇನ್ನೂ ಮೂರು ತಿಂಗಳಿದ್ದ ಕೈ.

ಹಸಿ ಅಡಿಕೆ ಸುಲಿದ ಕೈ ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸಿಪ್ಪೆಯ ರಸ ಮೊದಲ ದಿನ ಕಂದುಬಣ್ಣ ಹಿಡಿಸುತ್ತದೆ, ವಾರ ಕಳೆಯುವಷ್ಟರಲ್ಲಿ ಅದು ಕಪ್ಪಾಗಿ ಉಗುರಿನ ಸಂದಿಯವರೆಗೂ ಇಳಿದಿರುತ್ತದೆ. ಹುಣಸೆಹಣ್ಣು, ನಿಂಬೆಹುಳಿ ಏನು ತಿಕ್ಕಿದರೂ ಬಣ್ಣ ತುಸು ತಿಳಿಯಾಗುತ್ತದೆ ಅಷ್ಟೆ. ಬಣ್ಣಕ್ಕಿಂತ ಹೆಚ್ಚು ತೊಂದರೆ ಚರ್ಮದ್ದು. ಅಡಿಕೆಯನ್ನು ಕತ್ತಿಗೆ ಒತ್ತಿ ತಿರುಗಿಸುವ ಹೆಬ್ಬೆರಳು ಮತ್ತು ತೋರುಬೆರಳುಗಳ ತುದಿ ಒಣಗಿ ದಪ್ಪಗಾಗುತ್ತದೆ, ಅಡ್ಡಡ್ಡ ಸಣ್ಣ ಸೀಳುಗಳು ಬೀಳುತ್ತವೆ. ಬಟ್ಟೆ ಸುತ್ತಿಕೊಂಡು ಸುಲಿದರೂ ಇಷ್ಟು ಆಗಿಯೇ ಆಗುತ್ತದೆ.

ಪರದೆಯಡಿಯ ಆಪ್ಟಿಕಲ್ ಸೆನ್ಸರ್ ಕೆಲಸ ಮಾಡುವುದು ಚಿತ್ರ ತೆಗೆದು. ಬೆರಳು ಇಟ್ಟ ಜಾಗದಲ್ಲಿ ಪರದೆ ಪ್ರಖರವಾಗಿ ಬೆಳಗುತ್ತದೆ, ಆ ಬೆಳಕು ಬೆರಳಿನ ಗೆರೆಗಳಿಗೆ ಬಡಿದು ವಾಪಸಾಗುವುದನ್ನು ಅಡಿಯಲ್ಲಿರುವ ಪುಟ್ಟ ಕ್ಯಾಮೆರಾ ಸೆರೆಹಿಡಿಯುತ್ತದೆ. ಶ್ರಾವಣದಲ್ಲಿ ಅದು ನೋಡಿಟ್ಟುಕೊಂಡ ಹೆಬ್ಬೆರಳೇ ಬೇರೆ, ಕಾರ್ತಿಕದಲ್ಲಿ ನಾನು ಇಡುತ್ತಿದ್ದ ಹೆಬ್ಬೆರಳೇ ಬೇರೆ. ಒಮ್ಮೆ ಇಟ್ಟರೆ ಜರ್ ಎಂದು ನಡುಗಿ ನಿರಾಕರಿಸುತ್ತಿತ್ತು. ಸೆರಗಿನಲ್ಲಿ ಒರೆಸಿ ಇನ್ನೊಮ್ಮೆ ಇಟ್ಟರೂ ಜರ್. ಐದನೆಯ ಸಲಕ್ಕೆ ಮೂವತ್ತು ಸೆಕೆಂಡು ಕಾಯಿರಿ ಎಂದು ಬರುತ್ತಿತ್ತು. ಎದುರಿಗೆ ತುಂಬಿದ ಡಬ್ಬ ಹಿಡಿದುಕೊಂಡು ನಿಂತವಳು "ಅಕ್ಕಾ, ಬರೆದುಕೊಂಡಿರಾ?" ಎಂದು ಕೇಳುತ್ತಿದ್ದಳು. ಕಡೆಗೆ ಪಿನ್ ಒತ್ತಬೇಕು, ಅದೂ ಸುತ್ತಲಿನವರ ಕಣ್ಣೆದುರೇ.

ಒಂದು ರಾತ್ರಿ ಹೀಗೇ ಫೋನ್ ತೆರೆಯದೆ, ಆಮೇಲೆ ಬರೆದುಕೊಂಡರಾಯಿತು ಎಂದು ಎದ್ದವಳು ಮರೆತೇಬಿಟ್ಟೆ. ಒಬ್ಬಳ ಒಂದು ಡಬ್ಬ ಲೆಕ್ಕಕ್ಕೆ ಸೇರಲಿಲ್ಲ. ಅವಳು ಎಲ್ಲರೂ ಎದ್ದು ಹೋಗುವವರೆಗೆ ಕಾದು, ಹತ್ತಿರ ಬಂದು ಮೆಲ್ಲಗೆ ಹೇಳಿದಳು. ಸರಿಪಡಿಸಿದೆ. ಆದರೆ ಇಡೀ ದಿನ ಬೇರೆ ಕಡೆ ದುಡಿದು ಬಂದು, ರಾತ್ರಿ ಬೆನ್ನು ಬಗ್ಗಿಸಿ ಸುಲಿದವಳ ಕೂಲಿ ನನ್ನ ಫೋನಿನ ದೆಸೆಯಿಂದ ತಪ್ಪುವುದರಲ್ಲಿತ್ತು ಎಂಬುದು ಬಹಳ ದಿನ ಮನಸ್ಸಿಗೆ ಚುಚ್ಚುತ್ತಿತ್ತು.

ಮಾಡಬೇಕಾದ ಉಪಾಯಗಳನ್ನೆಲ್ಲ ಮಾಡಿದೆ. ಕಪ್ಪಾದ ಹೆಬ್ಬೆರಳನ್ನೇ ಮತ್ತೆ ನೋಂದಾಯಿಸಿದೆ. ನಾಲ್ಕು ದಿನ ಚೆನ್ನಾಗಿ ತೆರೆಯಿತು, ಆಮೇಲೆ ಹೊಸ ಸೀಳು ಬಿದ್ದು ಕೈಕೊಟ್ಟಿತು. ಟೆಂಪರ್ಡ್ ಗ್ಲಾಸಿನಿಂದ ಹೀಗಾಗುತ್ತಿರಬಹುದು ಎಂದರು, ಕೀಳಿಸಿದೆ. ಸ್ವಲ್ಪ ಸುಧಾರಿಸಿತು, ಆದರೆ ಅಂಗಳದ ಮರಳಿಗೆ ಪರದೆಯ ಮೇಲೆ ಗೀರು ಬಿತ್ತು. ಕೊನೆಗೆ ಉಂಗುರ ಬೆರಳನ್ನು ನೋಂದಾಯಿಸಿ ನೋಡಿದೆ. ಅದು ಪ್ರತಿ ಸಲವೂ ತೆರೆಯಿತು! ಅಡಿಕೆ ಸುಲಿಯುವಾಗ ಆ ಬೆರಳಿಗೆ ಅಂಥ ಕೆಲಸವಿಲ್ಲ, ಅದರ ಗೆರೆಗಳು ಹಾಗೇ ಉಳಿದಿದ್ದವು.

ಹಾಗಾದರೆ ಸಮಸ್ಯೆ ಮುಗಿಯಿತಲ್ಲ ಎನ್ನಬಹುದು. ಮುಗಿಯಲಿಲ್ಲ. ಪರದೆಯ ಮಧ್ಯದ ಸೆನ್ಸರಿಗೆ ಸಹಜವಾಗಿ ಸಿಗುವ ಬೆರಳು ಹೆಬ್ಬೆರಳು ಒಂದೇ. ಉಂಗುರ ಬೆರಳು ಇಡಬೇಕಾದರೆ ಫೋನನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯನ್ನು ತರಬೇಕು, ಆ ಇನ್ನೊಂದು ಕೈಯಲ್ಲಿ ಡಬ್ಬವಿರುತ್ತದೆ. ಜೊತೆಗೆ ನುಣುಪಾದ ಗಾಜಿನ ಮೇಲೆ ಜಾಗ ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ, ಕಣ್ಣಿಟ್ಟು ನೋಡಲೇಬೇಕು. ಮನೆಗೆಲಸ, ತೋಟದ ಕೆಲಸ ಮಾಡುವವರಲ್ಲಿ ಮೊದಲು ಸವೆಯುವುದು ಹೆಬ್ಬೆರಳು. ಈ ಬಗೆಯ ಫೋನ್ ಕೇಳುವುದೂ ಅದನ್ನೇ.

ಪಕ್ಕದ ಬಟನ್‌ನ ಗುಣ ನನಗೆ ತಿಳಿದದ್ದು ಇಲ್ಲಿಯೇ. ಫೋನನ್ನು ಎಡಗೈಯಲ್ಲಿ ಹಿಡಿಯಿರಿ. ಬಲ ಅಂಚಿನ ಪವರ್ ಬಟನ್ ಮೇಲೆ ಎಡಗೈಯ ನಡುಬೆರಳೋ ಉಂಗುರ ಬೆರಳೋ ತಾನಾಗಿ ಬಂದು ಕೂರುತ್ತದೆ. ನೋಡಬೇಕಾಗಿಲ್ಲ, ತಡಕಬೇಕಾಗಿಲ್ಲ. ಸೊಂಟದಿಂದ ಫೋನ್ ತೆಗೆದು ಮುಖದ ಮುಂದೆ ತರುವಷ್ಟರಲ್ಲಿ ತೆರೆದಿರುತ್ತದೆ. ಇದು ಕೆಪಾಸಿಟಿವ್ ಸೆನ್ಸರ್. ಬೆರಳಿನ ಏರುಗೆರೆ ತಾಗುವ ಕಡೆಗೂ ತಗ್ಗು ತಾಗದ ಕಡೆಗೂ ಇರುವ ಅತಿಸಣ್ಣ ವಿದ್ಯುತ್ ವ್ಯತ್ಯಾಸವನ್ನು ಅದು ಅಳೆಯುತ್ತದೆ, ಆದ್ದರಿಂದ ಬೆರಳಿನ ಬಣ್ಣದ ಗೊಡವೆ ಅದಕ್ಕಿಲ್ಲ. ಸವೆದ, ಸೀಳಿದ ಹೆಬ್ಬೆರಳನ್ನು ಇದೂ ಹಲವು ಸಲ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಇಲ್ಲಿ ಹೆಬ್ಬೆರಳಿನ ಹಂಗೇ ಇಲ್ಲ. ಕಳೆದ ಕೊಯ್ಲಿನಲ್ಲಿ ಮೂರು ತಿಂಗಳು ಎಡಗೈಯ ನಡುಬೆರಳಿನಿಂದಲೇ ನಡೆಸಿದೆ. ಒಂದು ಡಬ್ಬವೂ ಲೆಕ್ಕ ತಪ್ಪಲಿಲ್ಲ.

ದೋಷವಿಲ್ಲವೆಂದಲ್ಲ. ಮಳೆಗಾಲದಲ್ಲಿ ಒದ್ದೆ ಬೆರಳಿಗೆ ಇದು ಜಪ್ಪಯ್ಯ ಎಂದರೂ ತೆರೆಯುವುದಿಲ್ಲ, ನೀರು ಆ ವಿದ್ಯುತ್ ವ್ಯತ್ಯಾಸವನ್ನೇ ಕೆಡಿಸುತ್ತದೆ. ಒರೆಸಿಕೊಂಡರೆ ಸರಿಹೋಗುತ್ತದೆ. ದಪ್ಪ ಕವರ್ ಹಾಕಿದರೆ ಬಟನ್ ಹಳ್ಳಕ್ಕೆ ಬಿದ್ದಂತಾಗಿ ಬೆರಳು ಸರಿಯಾಗಿ ಕೂರುವುದಿಲ್ಲ, ತೆಳು ಕವರ್ ಕೊಳ್ಳಿ. ಕೈಯಲ್ಲಿ ಸುಮ್ಮನೆ ಹಿಡಿದಿದ್ದಾಗಲೂ ಬೇರೆ ಬೆರಳು ತಾಗಿ ತಾಗಿ, ತಪ್ಪು ಬೆರಳೆಂದು ಫೋನ್ ಪಿನ್ ಕೇಳುವುದುಂಟು. ನನ್ನ ಫೋನಿನ ಸೆಟ್ಟಿಂಗ್‌ನಲ್ಲಿ ಮುಟ್ಟಿದರೆ ತೆರೆಯುವುದೋ ಒತ್ತಿದರೆ ತೆರೆಯುವುದೋ ಎಂಬ ಆಯ್ಕೆಯಿದೆ. ಒತ್ತುವುದನ್ನು ಆರಿಸಿದ ಮೇಲೆ ಆ ಕಾಟ ನಿಂತಿತು.

ಉಳಿದವುಗಳನ್ನೂ ಬಿಟ್ಟಿಲ್ಲ. ದೀಪಾವಳಿಗೆ ಬೆಂಗಳೂರಿನಿಂದ ಬಂದ ತಮ್ಮನದು ಅಲ್ಟ್ರಾಸಾನಿಕ್ ಸೆನ್ಸರಿನ ಸ್ಯಾಮ್‌ಸಂಗ್. ಇದೂ ಪರದೆಯಡಿಯದೇ, ಆದರೆ ಬೆಳಕಿನ ಬದಲು ಕಿವಿಗೆ ಕೇಳದ ಶಬ್ದತರಂಗದಿಂದ ಬೆರಳಿನ ಏರುತಗ್ಗು ಅಳೆಯುತ್ತದೆ. ನನ್ನ ಕಪ್ಪು ಹೆಬ್ಬೆರಳನ್ನು ನೋಂದಾಯಿಸಿ, ಬೇಕೆಂದೇ ನೀರಲ್ಲಿ ಅದ್ದಿ ಇಟ್ಟೆ, ತೆರೆಯಿತು. ನಿಜಕ್ಕೂ ಮೆಚ್ಚಿದೆ. ಬೆಲೆ ಮಾತ್ರ ನನ್ನ ಫೋನಿನ ಐದು ಪಟ್ಟು. ಗಾಜಿನ ಮೇಲೆ ಏನನ್ನು ಅಂಟಿಸುತ್ತೇವೆ ಎಂಬ ಎಚ್ಚರವೂ ಬೇಕು. 2019ರಲ್ಲಿ ಗ್ಯಾಲಕ್ಸಿ ಎಸ್10 ಫೋನಿಗೆ ಕೆಲವು ಸಿಲಿಕೋನ್ ಕವರ್ ಹಾಕಿದಾಗ ಯಾರ ಬೆರಳಿಟ್ಟರೂ ತೆರೆಯುತ್ತದೆ ಎಂಬುದು ಬಯಲಾಗಿ, ಸ್ಯಾಮ್‌ಸಂಗ್ ತಂತ್ರಾಂಶ ತಿದ್ದಬೇಕಾಯಿತು.

ನನ್ನ ಬಜೆಟ್ಟಿನ ಫೋನುಗಳ ಮುಖ ಗುರುತಿಸುವ ಲಾಕ್ ಹಗಲು ಚೆನ್ನ, ಕರೆಂಟ್ ಹೋದ ರಾತ್ರಿಗೆ ಆಗದು. ಅದು ಮುಂದಿನ ಕ್ಯಾಮೆರಾದಿಂದ ತೆಗೆದ ಬರಿಯ ಚಿತ್ರ, ಹಾಗಾಗಿ ನನ್ನ ಬ್ಯಾಂಕಿನ ಆ್ಯಪ್ ಅದನ್ನು ಒಪ್ಪುವುದೇ ಇಲ್ಲ, ಬೆರಳನ್ನು ಒಪ್ಪುತ್ತದೆ. ನಾದಿನಿಯ ಐಫೋನ್ ಬೇರೆ ಜಾತಿಯದು. ಕಣ್ಣಿಗೆ ಕಾಣದ 30,000ಕ್ಕೂ ಹೆಚ್ಚು ಅವಕೆಂಪು ಚುಕ್ಕಿಗಳನ್ನು ಮುಖದ ಮೇಲೆ ಬಿಟ್ಟು ಅಳೆಯುವುದರಿಂದ ಕತ್ತಲಲ್ಲೂ ತೆರೆಯುತ್ತದೆ, ಬೆರಳಿನ ತಂಟೆಯೇ ಇಲ್ಲ. ಹಣವಿದ್ದರೆ ಅದೇ ಒಳ್ಳೆಯದಿರಬಹುದು. ಯಜಮಾನರದು ಬೆನ್ನಿಗೆ ಸೆನ್ಸರ್ ಇರುವ ಹಳೆಯ ಫೋನ್. ಅಂಥವು ಈಗ ಹೊಸದಾಗಿ ಸಿಗುವುದೇ ಅಪರೂಪ.

ಬೆರಳಿನ ಲಾಕೇ ಯಾಕೆ, ಪಿನ್ ಸಾಲದೇ ಎಂದು ಅವರು ಕೇಳುತ್ತಿರುತ್ತಾರೆ. ಒಬ್ಬರೇ ಕೂತು ದಿನಕ್ಕೆ ಹತ್ತು ಸಲ ತೆರೆಯುವವರಿಗೆ ಆರು ಅಂಕಿಯ ಪಿನ್ ಧಾರಾಳ ಸಾಕು. ಜನರ ನಡುವೆ ನಲವತ್ತು ಸಲ ಒತ್ತುವವರ ಪಿನ್ ಗುಟ್ಟಾಗಿ ಉಳಿಯುವುದಿಲ್ಲ. ನಮ್ಮಲ್ಲಿಗೆ ತಾಯಂದಿರ ಜೊತೆ ಬರುವ ಮಕ್ಕಳು ಎರಡನೆಯ ದಿನಕ್ಕೇ ನನ್ನ ಪಿನ್ ಹೇಳುತ್ತಿದ್ದರು. ಬೆರಳಿಗೂ ಮಿತಿಯಿದೆ. ಮಲಗಿದ್ದವರ ಬೆರಳನ್ನು ಒತ್ತಿ ತೆರೆಯಬಹುದು. ಆಂಡ್ರಾಯ್ಡ್‌ನಲ್ಲಿ ಲಾಕ್‌ಡೌನ್ ಎಂಬ ಆಯ್ಕೆಯಿದೆ, ಅದನ್ನು ಒತ್ತಿದರೆ ಮತ್ತೆ ಪಿನ್ ಹಾಕುವವರೆಗೆ ಬೆರಳು ನಡೆಯುವುದಿಲ್ಲ. ಊರಿಂದೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ನಾನು ಹಾಗೆ ಮಾಡುತ್ತೇನೆ. ಫೋನ್ ಆರಿಸಿ ಹಚ್ಚಿದಾಗ, ಮೂರು ದಿನ ಪಿನ್ ಹಾಕದಿದ್ದಾಗ ಅದು ತಾನಾಗಿ ಪಿನ್ ಕೇಳುತ್ತದೆ. ಹೀಗೆ ಪಿನ್ ಕೇಳಿದ್ದಕ್ಕೆ ಸೆನ್ಸರ್ ಕೆಟ್ಟಿತೆಂದು ಯಜಮಾನರು ಪೇಟೆಗೆ ಹೊರಟಿದ್ದರು, ನಾನೇ ತಡೆದೆ. ಪಿನ್ ಮರೆಯಬಾರದು.

ಹೊಸ ಫೋನ್ ತರುವವರಿಗೆ ನಾನು ಹೇಳುವುದು ಇಷ್ಟು. ನಿಮ್ಮ ಕೆಲಸದಲ್ಲಿ ಯಾವ ಬೆರಳು ಸವೆಯುತ್ತದೆ ಎಂದು ಮೊದಲು ನೋಡಿಕೊಳ್ಳಿ. ಕೆಲಸ ಮುಗಿಸಿದ ಕೈಯಲ್ಲೇ ಅಂಗಡಿಗೆ ಹೋಗಿ, ಅಲ್ಲೇ ನೋಂದಾಯಿಸಿ ಪರೀಕ್ಷಿಸಿ. ಪರದೆಯಡಿಯ ಫೋನ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಶಿವಮೊಗ್ಗದಲ್ಲಿ ಓದುತ್ತಿರುವ ಮಗಳಿಗೆ ಅದೇ ಫೋನ್ ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ಈ ವರ್ಷ ಅತ್ತೆಗೂ ಪಕ್ಕದ ಬಟನ್‌ನ ಫೋನನ್ನೇ ತಂದೆವು. ಅವರದು ಐವತ್ತು ವರ್ಷ ಅಡಿಕೆ ಸುಲಿದ ಕೈ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಅವರ ಹೆಬ್ಬೆರಳು ಸಿಕ್ಕಿದ್ದೇ ಅಪರೂಪ, ಒಟಿಪಿಗೆ ಕಾದು ಕೂರುತ್ತಿದ್ದರು. ಒಂದು ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಹತ್ತೂ ಬೆರಳುಗಳನ್ನು ಒಂದೊಂದಾಗಿ ಇಡಿಸಿ ನೋಡಿದೆ. ಒಂಬತ್ತು ಒಪ್ಪಲಿಲ್ಲ, ಎಡಗೈಯ ಕಿರುಬೆರಳು ಒಪ್ಪಿತು. ಮುಂದಿನ ತಿಂಗಳು ಅಕ್ಕಿಗೆ ಹೋದಾಗ ಅಂಗಡಿಯವರು ಎಂದಿನಂತೆ ಹೆಬ್ಬೆರಳು ಕೇಳಿದರು. ಅತ್ತೆ "ಇದನ್ನು ನೋಡಿ" ಎಂದು ಕಿರುಬೆರಳು ಮುಂದೆ ಮಾಡಿದರು. ಎರಡನೆಯ ಸಲಕ್ಕೆ ಹಸಿರು ದೀಪ ಬಂತು.