ಜೈಲಿನಲ್ಲಿರುವವರಿಗೆ ಮನಿ ಆರ್ಡರ್: ಉಡುಪಿಯಿಂದ ಕಳಿಸುತ್ತಾ ಬಂದ ಅನುಭವ

ನಮ್ಮ ಕಡೆಯ ಎಷ್ಟೋ ಮನೆಗಳ ಒಲೆ ಉರಿದದ್ದೇ ಬೊಂಬಾಯಿಯಿಂದ ಬರುತ್ತಿದ್ದ ಮನಿ ಆರ್ಡರಿನಿಂದ. ನಮ್ಮ ಮನೆಯಲ್ಲಿ ಈಗ ಅದು ಉಲ್ಟಾ. ಹೋಟೆಲ್ ಕೆಲಸಕ್ಕೆ ಹೋಗಿದ್ದ ಅಕ್ಕನ ಮಗ ಒಂದು ಕೇಸಿನಲ್ಲಿ ಸಿಕ್ಕಿಬಿದ್ದು ಮುಂಬಯಿ ಹತ್ತಿರದ ಜೈಲಿನಲ್ಲಿ ವಿಚಾರಣಾಧೀನ ಕೈದಿಯಾಗಿದ್ದಾನೆ. ವರ್ಷದ ಮೇಲಾಯಿತು, ಉಡುಪಿಯ ಹೆಡ್ ಪೋಸ್ಟ್ ಆಫೀಸಿನಿಂದ ತಿಂಗಳು ತಿಂಗಳು ಅವನಿಗೆ ಎಂಒ ಮಾಡುತ್ತಿದ್ದೇನೆ. ಇಂಥದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲ ಸಲ ಕಳಿಸುವವರಿಗೆ ಕೇಳಲು ಜನ ಸಿಗುವುದಿಲ್ಲ. ಅವರಿಗಾಗಿ ಇದು.

ಇ-ಮನಿ ಆರ್ಡರಿಗೆ ಕಮಿಷನ್ ನೂರಕ್ಕೆ 5 ರೂಪಾಯಿ. ಒಂದು ಫಾರಮಿನಲ್ಲಿ 5,000 ರೂಪಾಯಿ ತನಕ ಕಳಿಸಬಹುದು. ಯುಪಿಐ ಕಾಲದಲ್ಲಿ ಇದು ಜಾಸ್ತಿಯೇ, ಅಲ್ವಾ? ಆದರೂ ನಾನು ಇದನ್ನೇ ನಂಬಿಕೊಂಡಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಅದೂ ಆ ರಸೀದಿಗಾಗಿ. "ಒಳಗೆ ನಮ್ಮ ಜನ ಇದ್ದಾರೆ, ನನ್ನ ನಂಬರಿಗೆ ಹಾಕಿ, ತಲುಪಿಸ್ತೇನೆ" ಎಂದು ಅಕ್ಕನಿಗೆ ಫೋನ್ ಮಾಡಿದವರಿದ್ದಾರೆ. ಅಂಥವರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮುಟ್ಟದಿದ್ದರೆ ಯಾರನ್ನು ಹಿಡಿದು ಕೇಳುತ್ತೀರಿ? ಎಂಒ ಆದರೆ ರಸೀದಿಯ ನಂಬರನ್ನು ಅಂಚೆ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. 2021ರಲ್ಲಿ ಮುಂಬಯಿಯ ಆರ್ಥರ್ ರೋಡ್ ಜೈಲಿನಲ್ಲಿದ್ದ ಶಾರುಖ್ ಖಾನ್ ಮಗ ಆರ್ಯನ್‌ಗೂ ಮನೆಯಿಂದ 4,500 ರೂಪಾಯಿ ಹೋದದ್ದು ಮನಿ ಆರ್ಡರಿನಲ್ಲೇ. (ಮರುವರ್ಷದ ಚಾರ್ಜ್‌ಶೀಟಿನಲ್ಲಿ ಆರ್ಯನ್ ಹೆಸರೇ ಇರಲಿಲ್ಲ, ಅದು ಬೇರೆ ಮಾತು.) ಎಷ್ಟು ದೊಡ್ಡವರಾದರೂ ದಾರಿ ಇದೇ.

ಫಾರಮ್ ತುಂಬುವಾಗ ಹೆಸರಿನ ಕಡೆ ಗಮನ ಕೊಡಿ. ಕೋರ್ಟಿನ ಕಾಗದದಲ್ಲಿ ಹೇಗಿದೆಯೋ ಹಾಗೆಯೇ ಬರೆಯಬೇಕು, ಇಂಗ್ಲಿಷ್ ಸ್ಪೆಲ್ಲಿಂಗ್ ಸಮೇತ. ನಮ್ಮವನಿಗೆ ಊರಿನಲ್ಲಿ ಇನಿಶಿಯಲ್ ಮಾತ್ರ. ಅಲ್ಲಿನ ದಾಖಲೆಯಲ್ಲಿ ಅಪ್ಪನ ಪೂರ್ತಿ ಹೆಸರು ನಡುವೆ ಬಂದು ಕೂತಿದೆ. ಅದರ ಜೊತೆ ಕೈದಿ ನಂಬರ್, ಜೈಲಿನ ವಿಳಾಸ, ಪಿನ್‌ಕೋಡ್. ಒಂದೇ ಹೆಸರಿನವರು ಒಳಗೆ ಬೇಕಾದಷ್ಟು ಜನ ಇರುತ್ತಾರೆ, ಹಾಗಾಗಿ ನಂಬರ್ ಬಿಡಲೇಬೇಡಿ.

ಹಣ ಕೊಟ್ಟಾಯಿತು ಎಂದು ವೆಬ್‌ಸೈಟ್ ತೋರಿಸಿದರೆ ಜೈಲಿಗೆ ಮುಟ್ಟಿದೆ ಎಂದರ್ಥ, ಹುಡುಗನಿಗೆ ಮುಟ್ಟಿದೆ ಎಂದಲ್ಲ. ಅವನ ಹೆಸರಿನ ಖಾತೆಗೆ ಏರಿ, ಜೈಲಿನ ಕ್ಯಾಂಟೀನಿನಲ್ಲಿ ಖರ್ಚಿಗೆ ಸಿಗಲು ಮತ್ತೆ ಕೆಲವು ದಿನ ಬೇಕು. ಇದೊಂದೇ ನನಗೆ ಬೇಜಾರು, ಒಂದು ಸ್ಟಾರ್ ಕಡಿಮೆಯಾದದ್ದು ಇದಕ್ಕೇ. ಆ ದಿನಗಳಲ್ಲಿ ಅವನು ಪಕ್ಕದವನ ಹತ್ತಿರ ಸೋಪು ಕೇಳಬೇಕಾಗುತ್ತದೆ. ಅದಕ್ಕೇ ಹಳೆಯ ಹಣ ಮುಗಿಯುವ ಮೊದಲೇ ಕಳಿಸಿಬಿಡುತ್ತೇನೆ.

ಆ ಹಣದಲ್ಲಿ ಅವನು ತೆಗೆದುಕೊಳ್ಳುವುದು ಸೋಪು, ಪೇಸ್ಟು, ತಲೆಗೆ ಎಣ್ಣೆ, ಬಿಸ್ಕೆಟ್, ಒಂದಿಷ್ಟು ಚಿವ್ಡಾ. ಒಮ್ಮೆ ಸ್ವಲ್ಪ ಹೆಚ್ಚಿಗೆ ಕಳಿಸಲೇ ಎಂದು ಕೇಳಿದೆ. "ಬೇಡ ಮಾವ. ಹತ್ರ ಜಾಸ್ತಿ ಉಂಟು ಅಂತ ಗೊತ್ತಾದ್ರೆ ಎಲ್ಲರೂ ಕೇಳ್ತಾರೆ" ಎಂದ. ಹಾಗಾಗಿ ಸ್ವಲ್ಪ ಸ್ವಲ್ಪ, ಆದರೆ ತಪ್ಪದೆ.

ಬಟ್ಟೆ ಮಾತ್ರ ಮತ್ಸ್ಯಗಂಧ ರೈಲು ಹತ್ತಿ ನಾವೇ ಒಯ್ಯುತ್ತೇವೆ. ವಿಚಾರಣಾಧೀನರು ಮನೆಯ ಬಟ್ಟೆ ಹಾಕಬಹುದು, 1894ರ ಜೈಲು ಕಾಯ್ದೆಯಲ್ಲೇ ಅದು ಇದೆ. ಆದರೆ ತಪಾಸಣೆ ಜೋರು. ಗೇಟಿನಲ್ಲಿ ಪ್ಯಾಂಟಿನ ಲಾಡಿ ಎಳೆದು ತೆಗೆದರು, ಹೊಲಿಗೆಯ ಮಡಿಕೆಗಳನ್ನೆಲ್ಲ ಬೆರಳಲ್ಲಿ ಒತ್ತಿ ನೋಡಿದರು. ಅಕ್ಕ ಕಟ್ಟಿಕೊಟ್ಟಿದ್ದ ಮಿಡಿ ಉಪ್ಪಿನಕಾಯಿ ಒಳಗೆ ಹೋಗಲಿಲ್ಲ. ಒಂದೊಂದು ಜೈಲಿನಲ್ಲಿ ಒಂದೊಂದು ಕ್ರಮ. ಇಲ್ಲೇ ಮಂಗಳೂರಿನ ಕೊಡಿಯಾಲಬೈಲ್ ಜೈಲಿನಲ್ಲೋ ಉಡುಪಿಯ ಹಿರಿಯಡ್ಕ ಜೈಲಿನಲ್ಲೋ ಇರುವವರ ಮನೆಯವರು ಒಂದು ಸಲ ಗೇಟಿಗೇ ಹೋಗಿ ಕೇಳಿಕೊಂಡು ಬರುವುದು ಒಳ್ಳೆಯದು.

ಮುಖ ನೋಡಲು ಇ-ಮುಲಾಕಾತ್ ಇದೆ. ಇ-ಪ್ರಿಸನ್ಸ್ ವೆಬ್‌ಸೈಟಿನಲ್ಲಿ ಗುರುತಿನ ಚೀಟಿ, ಕೈದಿಯ ವಿವರ ತುಂಬಿ ಒಟಿಪಿ ಹಾಕಿದರೆ ಅರ್ಜಿ ಹೋಗುತ್ತದೆ. ಒಪ್ಪಿಗೆ ಸಿಕ್ಕಿದರೆ ವಿಡಿಯೋದಲ್ಲಿ ಮಾತಾಡಬಹುದು. ಅಕ್ಕನಿಗೆ ಎಲ್ಲಕ್ಕಿಂತ ದೊಡ್ಡದು ಇದೇ.

ಇನ್ನೊಂದು, ವಕೀಲರಿಗೆ ಹಣವಿಲ್ಲ ಎಂದು ಸುಮ್ನೆ ಕೂರಬೇಡಿ. ಕಸ್ಟಡಿಯಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹಾಗೆ ಹೇಳುತ್ತದೆ. ಸಹಾಯವಾಣಿ 15100.

ಎಂಒ ಮಾಡುವ ಮುಂಚೆ ಅವನು ಅದೇ ಜೈಲಿನಲ್ಲಿ ಇದ್ದಾನಾ ಎಂದು ವಕೀಲರನ್ನು ಒಂದು ಮಾತು ಕೇಳಿ. ಜನ ಜಾಸ್ತಿಯಾದರೆ ಬೇರೆ ಜೈಲಿಗೆ ಕಳಿಸುವುದುಂಟು. ಹಾಗಾದರೆ ಹಣ ವಾಪಸ್ ನಿಮ್ಮ ವಿಳಾಸಕ್ಕೆ ಬರುತ್ತದೆ, ಅವನಿಗೆ ಆ ತಿಂಗಳು ಕ್ಯಾಂಟೀನ್ ಇಲ್ಲ.