ಯಾರ ಕಾಮೆಂಟರಿ ಹಾಕೋಣ?

ಮುಂಬೈ ಹತ್ತಿರ ಡೊಂಬಿವಲಿಯ ನಮ್ಮ ಮನೆಯಲ್ಲಿ ಕ್ರಿಕೆಟ್ ಮ್ಯಾಚ್ ಶುರುವಾದರೆ ರಿಮೋಟ್‌ಗೆ ಜಗಳ. ಮಗನಿಗೆ ಇಂಗ್ಲಿಷ್ ಬೇಕು, ಅಪ್ಪನಿಗೆ ಕನ್ನಡ.

ಕೊನೆಯ ಓವರ್‌ಗಳಿಗೆ ರವಿ ಶಾಸ್ತ್ರಿಯೇ ಸರಿ. 2007ರಲ್ಲಿ ಡರ್ಬನ್‌ನಲ್ಲಿ ಯುವರಾಜ್ ಆರು ಸಿಕ್ಸರ್ ಹೊಡೆದಾಗಲೂ, 2011ರಲ್ಲಿ ಇಲ್ಲೇ ವಾಂಖೆಡೆಯಲ್ಲಿ ಧೋನಿ ಸಿಕ್ಸರ್ ಬಾರಿಸಿ ಕಪ್ ಗೆಲ್ಲಿಸಿದಾಗಲೂ ಮೈಕ್ ಹಿಡಿದಿದ್ದವರು ಅವರೇ. ಆ ದನಿ ಈಗ ಕೇಳಿದರೂ ಮೈ ಜುಮ್ಮೆನ್ನುತ್ತದೆ. ಆದರೆ ಟೆಸ್ಟ್‌ನ ನಿಧಾನದ ಮಧ್ಯಾಹ್ನಕ್ಕೆ ಆ ಅಬ್ಬರ ಜಾಸ್ತಿ. ಆಗ ಹರ್ಷ ಭೋಗ್ಲೆ ವಾಸಿ. ಪಕ್ಕದಲ್ಲಿರುವ ಮಾಜಿ ಆಟಗಾರರಿಗೆ ಸರಿಯಾದ ಪ್ರಶ್ನೆ ಹಾಕಿ ಒಳಗಿನ ವಿಷಯ ಹೊರಡಿಸುತ್ತಾರೆ.

ಮನೆಮಂದಿಯೆಲ್ಲ ಕೂತು ನೋಡುವುದಾದರೆ ಕನ್ನಡವೇ ಹಾಕಿ. ಕನ್ನಡದಲ್ಲಿ ಕಾಮೆಂಟರಿ ಹೇಳುವ ಮಾಜಿ ಆಟಗಾರ ವಿಜಯ್ ಭಾರದ್ವಾಜ್ 1999ರಲ್ಲಿ ನೈರೋಬಿಯ ಏಕದಿನ ಟೂರ್ನಿಯಲ್ಲಿ ಸರಣಿಶ್ರೇಷ್ಠರಾದವರು. ಅವರು ಸ್ಪಿನ್ನರ್‌ನ ಬೆರಳಿನ ಕೆಲಸ ಬಿಡಿಸಿ ಹೇಳುತ್ತಿದ್ದರೆ, ಅಪ್ಪ ಚಹಾ ಲೋಟ ಕೆಳಗಿಟ್ಟು, ನಿಂಬೆಹಣ್ಣು ಹಿಡಿದು ಮೊಮ್ಮಗನಿಗೆ ತೋರಿಸುತ್ತಾರೆ. ಇಲ್ಲೇ ಹುಟ್ಟಿದ ಹುಡುಗ ಹಾಗೇ ನಾಲ್ಕು ಕನ್ನಡ ಮಾತು ಕಲಿಯುತ್ತಾನೆ ಅಲ್ವಾ?

ನನಗೆ ಸಹಿಸೋಕೆ ಆಗದವರು, ಚೆಂಡು ಬೌಂಡರಿ ದಾಟುತ್ತಿದ್ದರೂ ತಮ್ಮ ಕಾಲದ ಕಥೆ ನಿಲ್ಲಿಸದವರು. ಯಾವ ಭಾಷೆಯವರಾದರೂ ಸರಿ, ಅಂಥವರು ಬಂದರೆ ಸುಮ್ನೆ ಮ್ಯೂಟ್ ಮಾಡಿ.