ರೂಮಿಗೊಂದು ಥರ್ಮೋಸ್ಟಾಟ್ ಹಾಕ್ಸಿ ಎರಡು ಚಳಿಗಾಲ ಕಳೆದ್ಮೇಲೆ ನನ್ನ ರಿವ್ಯೂ

ಹೊಸ ಮನೆ ಕಟ್ಟಿಸ್ತಾ ಇರೋರು ನೆಲಕ್ಕೆ ಪೈಪ್ ಹಾಕೋಕೆ ಮುಂಚೆ ಇದನ್ನ ಓದ್ಬಿಡಿ, ಆಮೇಲೆ ಓದಿದ್ರೆ ಅರ್ಧ ಉಪಯೋಗ ಅಷ್ಟೆ. ಥರ್ಮೋಸ್ಟಾಟ್ ಅಂದ್ರೆ ರೂಮಿನ ಬಿಸಿ ನೋಡ್ಕೊಂಡು ಹೀಟಿಂಗ್ ತಾನೇ ಆನ್ ಆಫ್ ಮಾಡೋ ಗೋಡೆ ಮೇಲಿನ ಡಬ್ಬಿ.

ನಮ್ಮನೇದು ಅಂಡರ್‌ಫ್ಲೋರ್ ಹೀಟಿಂಗ್. ಹೀಟ್ ಪಂಪಿಂದ (ಹೊರಗಿನ ಬಿಸಿ ಎಳ್ಕೊಂಡು ನೀರು ಕಾಯ್ಸೋ ಕರೆಂಟ್ ಯಂತ್ರ) ಬಿಸಿನೀರು ಬರುತ್ತೆ, ನೆಲದ ಕಾಂಕ್ರೀಟ್ ಒಳಗಿರೋ ಪೈಪಲ್ಲಿ ಓಡುತ್ತೆ. ಗೋಡೆ, ಸೂರು, ಕಿಟಕಿ ಎಲ್ಲಾ ಒಳ್ಳೇ ಇನ್ಸುಲೇಷನ್. ಹೀಟಿಂಗ್ ಕೆಲಸ ಹಿಡಿದಿದ್ದವ್ರು "ರೂಮಿಗೊಂದು ಥರ್ಮೋಸ್ಟಾಟ್ ಹಾಕ್ಸಿ ಮೇಡಂ, ಬೇಡದ ರೂಮ್ ಆಫ್ ಮಾಡ್ಕೋಬಹುದು, ಕರೆಂಟ್ ಉಳಿಯುತ್ತೆ" ಅಂದ್ರು. ಕೇಳೋಕೆ ಸರಿಯಾಗೇ ಇತ್ತು, ಎಂಟು ರೂಮಿಗೆ ಎಂಟು ಹಾಕ್ಸಿದ್ವಿ.

ವಸ್ತು ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ಡಿಸ್‌ಪ್ಲೇ ದೊಡ್ಡದು, ನಮ್ಮತ್ತೆ ಕನ್ನಡಕ ಇಲ್ದೇನೂ ಓದ್ತಾರೆ, ಅರ್ಧ ಡಿಗ್ರಿ ವ್ಯತ್ಯಾಸಾನೂ ಸರಿಯಾಗಿ ತೋರ್ಸುತ್ತೆ. ಆದ್ರೆ ಗೋಡೆ ಮೇಲಿನ ಡಬ್ಬಿ ಬರೀ ಸ್ವಿಚ್ ಕಣ್ರೀ, ಕೆಲಸ ನಡೆಯೋದು ಮ್ಯಾನಿಫೋಲ್ಡ್ ಹತ್ರ, ಅಂದ್ರೆ ಬಿಸಿನೀರನ್ನ ಎಲ್ಲಾ ರೂಮಿನ ಪೈಪಿಗೂ ಹಂಚೋ ಜಾಗದಲ್ಲಿ. ಅಲ್ಲಿ ಒಂದೊಂದು ಪೈಪ್ ಲೂಪಿಗೂ (ಒಂದು ರೂಮಿನ ನೆಲ ಸುತ್ತಿ ವಾಪಸ್ ಬರೋ ಪೈಪು) ಹೆಬ್ಬೆರಳು ಗಾತ್ರದ ಆಕ್ಚುಯೇಟರ್ ಇರುತ್ತೆ, ಒಳಗಿರೋ ಮೇಣ ಬಿಸಿಯಾಗಿ ಹಿಗ್ಗಿದ್ರೆ ವಾಲ್ವ್ ತೆರ್ಕೊಳ್ಳುತ್ತೆ. ಟಾರ್ಚ್ ಹಿಡ್ಕೊಂಡು ನೋಡಿದೀನಿ, ತಲೆ ಮೇಲಿನ ಸಣ್ಣ ಗುಬುಟು ಪೂರ್ತಿ ಮೇಲೆದ್ದು ಬರೋಕೆ ಮೂರ್ನಾಲ್ಕು ನಿಮಿಷ ಹಿಡಿಯುತ್ತೆ.

ಮೊದಲ್ನೇ ಚಳಿಗಾಲ ಬೆಡ್‌ರೂಮ್ 18ಕ್ಕೆ, ಮಿಕ್ಕಿದ್ದೆಲ್ಲಾ 21ಕ್ಕೆ ಇಟ್ವಿ. ಬೆಡ್‌ರೂಮ್ ಒಂದಿನಾನೂ 20ಕ್ಕಿಂತ ಕೆಳಗೆ ಇಳೀಲಿಲ್ಲ! ಯಾಕಂದ್ರೆ ಇನ್ಸುಲೇಷನ್ ಇರೋದು ಹೊರಗಿನ ಗೋಡೆಗೆ, ರೂಮ್ ರೂಮ್ ಮಧ್ಯದ ಗೋಡೆಗೆ ಏನೂ ಇಲ್ಲ, ಹಾಲಿನ ಬಿಸಿ, ಕೆಳಗಿನ ರೂಮಿನ ಬಿಸಿ ಎಲ್ಲಾ ಅದರೊಳಗೇ ಬರುತ್ತೆ. ಅಂದ್ರೆ ಆ ಲೂಪ್ ವಾರಗಟ್ಟಲೆ ಮುಚ್ಕೊಂಡೇ ಇತ್ತು, ಅದರ ಪಾಲಿನ ಬಿಸೀನ ಪಕ್ಕದ ರೂಮಿನ ನೆಲ ಕೊಡ್ತಾ ಇತ್ತು, ಅದಕ್ಕೆ ನೀರು ಇನ್ನೂ ಬಿಸಿ ಇರ್ಬೇಕು. ಉಳಿತಾಯ ಎಲ್ಲಿಂದ ಬಂತು?

ಇದಕ್ಕಿಂತ ದೊಡ್ಡ ತೊಂದ್ರೆ ಅಂದ್ರೆ ಹೀಟ್ ಪಂಪ್ ಮತ್ತೆ ಮತ್ತೆ ಆನ್ ಆಫ್ ಆಗೋದು. ಒಂದ್ರಾತ್ರಿ ನಿದ್ದೆ ಬರ್ದೆ ಮಲಗಿದ್ದೆ, ಹೊರಗೆ ಯೂನಿಟ್ ಗುರ್ ಅಂತ ಶುರುವಾಗುತ್ತೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ, ಮತ್ತೆ ಶುರು. ಎಣಿಸಿದೆ, ಒಂದು ಗಂಟೇಲಿ ಐದು ಸಲ. ಎದ್ದು ಹೋಗಿ ನೋಡಿದ್ರೆ ಏಳು ಲೂಪ್ ಮುಚ್ಚಿವೆ, ಬಾತ್‌ರೂಮ್ ಒಂದೇ ತೆರೆದಿದೆ. ಅಷ್ಟು ಸಣ್ಣ ನೆಲ 300, 400 ವ್ಯಾಟ್ ತಗೊಂಡ್ರೆ ಹೆಚ್ಚು, ನಮ್ಮ ಯಂತ್ರ ಎಷ್ಟೇ ನಿಧಾನಕ್ಕೆ ಓಡಿದ್ರೂ 2 ಕಿಲೋವ್ಯಾಟ್ ಕೊಡುತ್ತೆ. ಆ ಬಿಸಿ ಹೋಗೋಕೆ ಜಾಗ ಇಲ್ಲ, ನೀರು ಬೇಗ ಕಾದ್ಬಿಡುತ್ತೆ, ಯಂತ್ರ ನಿಂತ್ಬಿಡುತ್ತೆ. ಕಂಪ್ರೆಸರ್ ಜಾಸ್ತಿ ಸವೆಯೋದು ಇಂಥಾ ಶುರು ಮಾಡು ನಿಲ್ಸು ಆಟದಿಂದಾನೇ, ನನಗೆ ನಿಜವಾಗ್ಲೂ ಸಂಕಟ ಆಯ್ತು.

ಆಮೇಲೆ ಬೇರೆ ಒಬ್ರು ಹಳೇ ಅನುಭವದ ಮೆಕ್ಯಾನಿಕ್ ಬಂದ್ರು. ಬಂದವ್ರೇ ಎಲ್ಲಾ ಥರ್ಮೋಸ್ಟಾಟೂ 25ಕ್ಕೆ ಏರ್ಸಿಬಿಟ್ರು, ನಾನು ಗಾಬರಿ ಆದೆ. "ಇವು ಅಡ್ಡ ಬರ್ದೇ ಇರ್ಲಿ ಅಂತ ಅಮ್ಮಾ, ಎಲ್ಲಾ ಲೂಪೂ ತೆರೆದೇ ಇರ್ಲಿ" ಅಂದ್ರು. ಹೊರಗಿನ ಚಳಿ ನೋಡ್ಕೊಂಡು ನೀರಿನ ಬಿಸಿ ತಾನೇ ಬದಲಾಯಿಸೋ ಹೀಟಿಂಗ್ ಕರ್ವ್ ಅಂತ ಸೆಟ್ಟಿಂಗ್ ಇರುತ್ತೆ, ಅದನ್ನ ಇಳ್ಸಿದ್ರು. ಆಮೇಲೆ ಬ್ಯಾಲೆನ್ಸಿಂಗ್, ಅಂದ್ರೆ ಯಾವ ಲೂಪಿಗೆ ಎಷ್ಟು ನೀರು ಅಂತ ಹೊಂದಿಸೋದು. ಮ್ಯಾನಿಫೋಲ್ಡಲ್ಲಿ ಒಂದೊಂದು ಲೂಪಿಗೂ ಬೆರಳುದ್ದದ ಪಾರದರ್ಶಕ ಕೊಳವೆ ಇರುತ್ತೆ, ನಿಮಿಷಕ್ಕೆ ಎಷ್ಟು ಲೀಟರ್ ಓಡ್ತಿದೆ ಅಂತ ಅದರಲ್ಲಿ ಕಾಣುತ್ತೆ. ಬೆಡ್‌ರೂಮಿಂದು ಸ್ವಲ್ಪ ತಿರುಗಿಸಿ ಕಡಿಮೆ, ಬಾತ್‌ರೂಮಿಂದು ಜಾಸ್ತಿ, ಆಮೇಲೆ ಒಂದು ದಿನ ಪೂರ್ತಿ ಕಾಯೋದು, ಯಾಕಂದ್ರೆ ಕಾಂಕ್ರೀಟ್ ನೆಲ ಬಿಸಿಯಾಗೋಕೂ ಆರೋಕೂ ಗಂಟೆಗಟ್ಟಲೆ ತಗೊಳ್ಳುತ್ತೆ. (ರಾತ್ರಿ ಕಡಿಮೆ ಮಾಡಿ ಬೆಳಿಗ್ಗೆ ಏರಿಸ್ತೀನಿ ಅನ್ನೋದೂ ಇದೇ ಕಾರಣಕ್ಕೆ ಈ ನೆಲದಲ್ಲಿ ಆಗ್ದಿರೋ ಮಾತು.) ಹೇಗೆ ಅಂತ ತೋರಿಸ್ಕೊಟ್ಟು ಹೋದ್ರು, ಹತ್ತು ದಿನ ನಾನೇ ಕೂತು ಮಾಡಿದೆ.

ಮೊದಲು ಚಳಿ ಜೋರಾದಾಗ ನೀರು 42 ಡಿಗ್ರಿ ಬೇಕಿತ್ತು, ಈಗ 34ಕ್ಕೇ ಮನೆ ಬೆಚ್ಚಗಿದೆ. ಒಂದೊಂದು ಡಿಗ್ರಿ ಇಳಿದಾಗ್ಲೂ ಹೀಟ್ ಪಂಪ್ ಸುಮಾರು 2ರಿಂದ 3 ಪರ್ಸೆಂಟ್ ಕರೆಂಟ್ ಕಡಿಮೆ ತಿನ್ನುತ್ತೆ, ಎಂಟು ಡಿಗ್ರಿ ಅಂದ್ರೆ ನೀವೇ ಲೆಕ್ಕ ಹಾಕಿ. ಯಂತ್ರ ಈಗ ಸದ್ದಿಲ್ದೆ ಗಂಟೆಗಟ್ಟಲೆ ಒಂದೇ ಸಮ ಓಡುತ್ತೆ.

ಥರ್ಮೋಸ್ಟಾಟ್ ಇಲ್ದೆ ರೂಮ್ ಜಾಸ್ತಿ ಕಾಯಲ್ವಾ ಅಂತ ನನಗೂ ಭಯ ಇತ್ತು. ನೆಲ 24, ಗಾಳಿ 20 ಅಂದ್ಕೊಳ್ಳಿ, ವ್ಯತ್ಯಾಸ ನಾಲ್ಕು ಡಿಗ್ರಿ. ಬಿಸಿಲು ಬಿದ್ದು ಗಾಳಿ 22 ಆಯ್ತು, ವ್ಯತ್ಯಾಸ ಎರಡಕ್ಕಿಳೀತು, ನೆಲ ಕೊಡೋ ಬಿಸಿ ತಾನಾಗೇ ಅರ್ಧ ಆಯ್ತು. ನೀರು ತಣ್ಣಗಿದ್ದಷ್ಟೂ ಈ ಗುಣ ಚೆನ್ನಾಗಿ ಕೆಲಸ ಮಾಡುತ್ತೆ.

ಹಾಗಂತ ಎಲ್ಲೂ ಬೇಡ ಅಂತಲ್ಲ. ದೊಡ್ಡ ಗಾಜಿದ್ದು ಮಧ್ಯಾಹ್ನ ಪೂರ್ತಿ ಬಿಸಿಲು ಬೀಳೋ ರೂಮಿಗೆ ಬೇಕು, ಸೌದೆ ಒಲೆ ಉರಿಸೋ ರೂಮಿಗೆ ಬೇಕು. ರೇಡಿಯೇಟರ್ ಇರೋ ಮನೇಲಂತೂ ರೂಮ್ ಕಂಟ್ರೋಲ್ ಒಳ್ಳೇದೇ, ಅದು ಬೇಗ ಕಾದು ಬೇಗ ಆರುತ್ತಲ್ಲ. ಇನ್ನು ಜರ್ಮನಿಯಂಥ ಕಡೆ ರೂಮಿಗೊಂದು ಕಂಟ್ರೋಲ್ ಇರ್ಬೇಕು ಅಂತ ಕಾನೂನೇ ಇದೆ, ಹಾಗಾಗಿ ನೀವಿರೋ ಕಡೆ ನಿಯಮ ಏನು ಅಂತ ಮೊದಲು ವಿಚಾರಿಸಿ.

ಮತ್ತೆ ಮನೆ ಕಟ್ಟಿಸಿದ್ರೆ ನಾನು ಮಾಡೋದು ಇಷ್ಟು. ಥರ್ಮೋಸ್ಟಾಟ್ ವೈರಿಗೆ ಖಾಲಿ ಪೈಪ್ ಮಾತ್ರ ಎಲ್ಲಾ ರೂಮಿಗೂ ಎಳೆಸಿಡ್ತೀನಿ, ಬಿಸಿಲು ತಾಗದ ಒಳಗೋಡೆ ಮೇಲೆ, ಎದೆ ಎತ್ತರಕ್ಕೆ. ಉಳಿದ ದುಡ್ಡಲ್ಲಿ ಒಂದೊಂದು ರೂಮಿಂದ ಎಷ್ಟು ಬಿಸಿ ಹೊರಗೆ ಹೋಗುತ್ತೆ ಅನ್ನೋ ಲೆಕ್ಕ ಕಾಗದದ ಮೇಲೆ ಕೇಳಿ ತಗೊಳ್ತೀನಿ, ಬಾತ್‌ರೂಮಲ್ಲಿ ಪೈಪನ್ನ 20 ಸೆಂಟಿಮೀಟರ್ ಬದಲು 10ಕ್ಕೊಂದು ಒತ್ತಾಗಿ ಹಾಕಿಸ್ತೀನಿ. ಎಲ್ಲಾ ವಾಲ್ವ್ ಮುಚ್ಕೊಂಡ್ರೆ ಪಂಪಿಗೆ ಬೇಕಾದಷ್ಟು ನೀರು ಎಲ್ಲಿ ಓಡುತ್ತೆ ಅಂತಾನೂ ಕೇಳ್ತೀನಿ, ನಮ್ಮ ಕೆಲಸ ಹಿಡಿದಿದ್ದವ್ರ ಹತ್ರ ಇದಕ್ಕೆ ಉತ್ತರ ಇರ್ಲಿಲ್ಲ.

ವಸ್ತುವಿಗೆ ಐದಕ್ಕೆ ನಾಲ್ಕು, ನಮ್ಮಂಥ ಮನೆಗೆ ಎಂಟು ಬೇಕು ಅನ್ನೋ ಸಲಹೆಗೆ ಒಂದು. ಗಾಜಿನ ಹಾಲಿನದು, ಮೇಲಿನ ಸ್ಟಡಿ ರೂಮಿನದು ಎರಡು ಉಳಿಸ್ಕೊಂಡಿದೀವಿ, ಮಿಕ್ಕ ಆರರ ಆಕ್ಚುಯೇಟರ್ ಹೋದ ತಿಂಗಳು ಬಿಚ್ಚಿ (ಬಿಚ್ಚಿದ್ರೆ ವಾಲ್ವ್ ತೆರೆದೇ ಇರುತ್ತೆ) ಡಬ್ಬಕ್ಕೆ ಹಾಕಿಟ್ಟಾಯ್ತು.